ಅದು ಫುಡ್ ಪಾಯ್ಸನ್ ಅಲ್ಲ

ಕಳೆದ ಎರಡು ವಾರ ಈ ಅಂಕಣ ಇರಲಿಲ್ಲ. ಫೋನ್ ಮಾಡಿ ವಿಚಾರಿಸಿದ ಓದುಗರಿಗೆಲ್ಲ "ಸಣ್ಣ ಫುಡ್ ಪಾಯ್ಸನ್" ಎಂದಿದ್ದೆ. ಸುಳ್ಳು. ನನಗೆ ಬಂದದ್ದು ಕಾಲರಾ.

ಬಜಪೆಯಲ್ಲಿ ನೆಂಟರ ಹೊಸ ಮನೆಯ ಒಕ್ಕಲು. ಸೆಕೆಗೆ ಐಸ್ ಹಾಕಿದ ಪುನರ್ಪುಳಿ ಶರಬತ್ತು ಮೂರು ಗ್ಲಾಸ್ ಇಳಿಸಿದ್ದೆ. (ಐಸ್ ಯಾವ ನೀರಿನದು ಎಂದು ಯಾರಾದರೂ ಕೇಳುತ್ತಾರೆಯೇ?) ಅದರಿಂದಲೇ ಇರಬೇಕು, ಎರಡನೇ ದಿನ ಬೆಳಿಗ್ಗೆ ಶುರುವಾಯಿತು ನೋಡಿ. ಮಧ್ಯಾಹ್ನದೊಳಗೆ ಎದ್ದು ನಿಲ್ಲುವ ತ್ರಾಣವಿಲ್ಲ. ಆಸ್ಪತ್ರೆಯಲ್ಲಿ ಬಾಟಲಿ ಮೇಲೆ ಬಾಟಲಿ ಡ್ರಿಪ್ ಏರಿಸಿದರು.

ಡಾಕ್ಟರ್ ರೋಗದ ಹೆಸರು ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? "ಬೇರೆ ಎಂತಾದ್ರೂ ಬರೀಲಿಕ್ಕೆ ಆಗ್ತದಾ ಡಾಕ್ಟ್ರೇ?"

ಆಗುವುದಿಲ್ಲ ಎಂದರು. ಬಿಪಿ, ಶುಗರ್ ಆದರೆ ಮದುವೆ ಮನೆಯಲ್ಲೂ ಹೇಳಿಕೊಳ್ಳುತ್ತೇವೆ. ಕಾಲರಾ? ಛೆ! ಮನೆಯಲ್ಲಿ ವಾಟರ್ ಪ್ಯೂರಿಫೈಯರ್ ಇರುವವರಿಗೆ ಅದೆಲ್ಲ ಬರುವುದುಂಟೇ?

ಎರಡು ದಿನ ಬಿಟ್ಟು ಮನೆಗೆ ಬಂದೆ. ಮರುದಿನವೇ ಆರೋಗ್ಯ ಕಾರ್ಯಕರ್ತೆ ಹಾಜರ್. ಕೈಯಲ್ಲಿ ಪುಸ್ತಕ, ಮಾತ್ರೆ, ಬ್ಲೀಚಿಂಗ್ ಪೌಡರ್.

"ಮನೆಯಲ್ಲಿ ಎಷ್ಟು ಜನ?"

"ನಾನು, ನಮ್ಮವರು. ಇಬ್ಬರೇ."

"ಕೆಲಸದವರು ಉಂಟಾ?"

"ಇಲ್ಲ."

ಹಿತ್ತಿಲಿಂದ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. "ಮತ್ತೆ ಅದು?" ಎಂದರು.

"ಪಕ್ಕದ ಮನೆಯದ್ದು," ಎಂದೆ.

ಒಗೆಯುತ್ತಿದ್ದವಳು ನಮ್ಮ ಸುಂದರಿ. ಶಕ್ತಿನಗರದಿಂದ ಬಂದು ನಮ್ಮ ರಸ್ತೆಯ ನಾಲ್ಕು ಮನೆಗಳಲ್ಲಿ ಕೆಲಸ ಮಾಡುವವಳು. ಅವಳ ಕೈಯಲ್ಲಿದ್ದದ್ದು ನಾನು ಹೊಲಸು ಮಾಡಿ ಬಕೆಟ್‌ನಲ್ಲಿ ಬಿಟ್ಟುಹೋಗಿದ್ದ ಬೆಡ್‌ಶೀಟು. ಅವಳಿಗೂ ಫುಡ್ ಪಾಯ್ಸನ್ ಎಂದೇ ಹೇಳಿದ್ದೆ. ನಿಜ ಹೇಳಿದರೆ ಮಧ್ಯಾಹ್ನದೊಳಗೆ ಉಳಿದ ಮೂರು ಮನೆಗೆ ಗೊತ್ತಾಗುತ್ತದಲ್ಲ! ಮುಂಜಾಗ್ರತೆಯ ಮಾತ್ರೆ ನಮ್ಮವರಿಗೆ ಸಿಕ್ಕಿತು. ಸುಂದರಿಗೆ ಸಿಗಲಿಲ್ಲ.

ಮೂರನೇ ದಿನ ಅವಳು ಕೆಲಸಕ್ಕೆ ಬರಲಿಲ್ಲ. ಮರುದಿನ ಅವಳ ಮಗಳ ಫೋನ್. "ಅಮ್ಮ ಆಸ್ಪತ್ರೆಯಲ್ಲಿ ಇದ್ದಾರೆ. ಇನ್ನು ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತಂತೆ."

ಹೋದೆ. ಕಣ್ಣು ಗುಳಿಬಿದ್ದಿತ್ತು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಕ್ಷಮೆ ಕೇಳಲೆಂದು ಬಾಯಿ ತೆರೆದೆ. ಅವಳೇ ನನ್ನ ಕೈ ಹಿಡಿದಳು.

"ನೀವೆಂತ ಹೆದರ್ಬೇಡಿ ಅಕ್ಕ. ಇಲ್ಲಿ ಕಾಲರಾ ಅಂತ ಹೇಳಿದಾಗ, ನಿಮ್ಗೆ ಆದದ್ದು ಸಹ ಅದೇ ಅಂತ ನಂಗೆ ಗೊತ್ತಾಯ್ತು. ಆದ್ರೆ ನಿಮ್ಮ ಹೆಸ್ರು ಹೇಳ್ಲಿಲ್ಲ. ನಮ್ಮ ಬಸ್‌ಸ್ಟಾಪಿನ ಹತ್ರ ಚರುಮುರಿ ತಿಂದದ್ದು ಅಂತ ಹೇಳಿದೆ."

ನನಗೆ ಅವಳ ಮುಖ ನೋಡಲಾಗಲಿಲ್ಲ. ಅರವತ್ತರ ಹತ್ತಿರ ಬಂದಿದ್ದೇನೆ, ಇಷ್ಟು ನಾಚಿಕೆ ಎಂದೂ ಆದದ್ದಿಲ್ಲ. ನನ್ನ ಮರ್ಯಾದೆ ಕಾಯಲು ಅವಳು ಡ್ರಿಪ್ ಹಾಕಿಸಿಕೊಂಡೂ ಸುಳ್ಳು ಹೇಳಿದ್ದಳು.

ವಾಪಸು ಬರುವಾಗ ಶಕ್ತಿನಗರದ ಆ ಬಸ್‌ಸ್ಟಾಪಿನಲ್ಲಿ ಇಳಿದೆ. ಚರುಮುರಿ ಗಾಡಿಗೆ ಟಾರ್ಪಾಲು ಬಿಗಿದು ಕಟ್ಟಿತ್ತು. "ಬಂದ್ ಮಾಡಿಸಿದ್ದು," ಎಂದರು ಪಕ್ಕದ ಅಂಗಡಿಯವರು. "ಯಾರಿಗೋ ಕಾಲರಾ ಅಂತೆ ಮಾರಾಯ್ರೆ. ಇಂಥವರಿಂದಲೇ ಅಲ್ವಾ ಊರಿಗೆ ರೋಗ?"

ಅಭ್ಯಾಸಬಲ, "ಹೌದೌದು" ಎಂದುಬಿಟ್ಟೆ. ಎರಡು ಹೆಜ್ಜೆ ಹೋಗಿದ್ದೆ, ಅಷ್ಟೆ. ಅಲ್ಲೇ ನಿಂತು ಆರೋಗ್ಯ ಕಾರ್ಯಕರ್ತೆಗೆ ಫೋನ್ ಮಾಡಿದೆ. ಬೆಡ್‌ಶೀಟು, ಸುಂದರಿ, ಉಳಿದ ಮೂರು ಮನೆ, ಎಲ್ಲ ಹೇಳಿದೆ. ಚರುಮುರಿಯವರದ್ದು ತಪ್ಪಿಲ್ಲ ಎಂದೂ ಹೇಳಿದೆ. ಅವರು ಬರೆದುಕೊಂಡರು. ಆಮೇಲೆ ಕೇಳಿದರು:

"ಅವತ್ತು ಒಂದು ಮಾತ್ರೆಯಲ್ಲಿ ಮುಗೀತಿತ್ತಲ್ಲ ಮೇಡಂ, ಹೇಳ್ಲಿಕ್ಕೆ ನಿಮ್ಗೆ ಎಂತ ಆಗಿತ್ತು?"