ಮೂರು ನಂಬರು ಕಡಿಮೆ

ಹೋದ ವಾರ ಸೊಸೆ ಕುಕನೂರಿನಿಂದ ಗಾಣದ ಕುಸುಬಿ ಎಣ್ಣೆ ತರಿಸಿದ್ದಳು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ನನ್ನ ಸಹಪಾಠಿ ಬಂದು ಪಕ್ಕದಲ್ಲಿ ಕುಳಿತಂತಾಯಿತು. ಅವನ ಅಂಗಿಗೆ, ಪುಸ್ತಕಗಳಿಗೆ, ಕಡೆಗೆ ಅವನು ಬಿಚ್ಚುತ್ತಿದ್ದ ರೊಟ್ಟಿಯ ಗಂಟಿಗೂ ಇದೇ ವಾಸನೆ. ಅವರದು ಗಾಣದ ಮನೆ...

ನಿಜಾಮರ ಕಾಲ ಅದು. ಕೊಪ್ಪಳದ ಹೈಸ್ಕೂಲಿನಲ್ಲಿ ನಮಗೆ ಪಾಠವೆಲ್ಲ ಉರ್ದುವಿನಲ್ಲಿ. ನನ್ನ ತಂದೆ ಕಚೇರಿಯಲ್ಲಿ ಗುಮಾಸ್ತರು. ಮನೆಗೆ ಬಂದುಹೋಗುವವರ ಬಾಯಲ್ಲಿ ಆ ಭಾಷೆ ಕೇಳಿಯೇ ಬೆಳೆದವನು ನಾನು. ಅವನ ಮನೆಯಲ್ಲಿ ಕನ್ನಡ ಬಿಟ್ಟರೆ ಗಾಣದ ಎತ್ತಿನ ಜೊತೆ ಆಡುವ ಮಾತು, ಅಷ್ಟೇ. ಆದರೆ ಮಾಸ್ತರರು ಹಲಗೆಯ ಮೇಲೆ ಲೆಕ್ಕ ಬರೆದು ಇತ್ತ ತಿರುಗುವಷ್ಟರಲ್ಲಿ ಅವನ ಉತ್ತರ ಸಿದ್ಧವಿರುತ್ತಿತ್ತು. ನನಗೋ ರೇಖಾಗಣಿತ ತಲೆಗೇ ಹತ್ತುತ್ತಿರಲಿಲ್ಲ. ಎರಡು ವರ್ಷ ಕೋಟೆಯ ಗುಡ್ಡದ ಬಂಡೆಯ ಮೇಲೆ ಇದ್ದಿಲಿನಿಂದ ತ್ರಿಕೋನ ಬರೆದು ಬರೆದು ಕಲಿಸಿದ.

"ಬಾಯಿಪಾಠ ಮಾಡಬ್ಯಾಡಲೇ, ಕಣ್ಣಿಟ್ಟು ನೋಡು" ಎನ್ನುತ್ತಿದ್ದ.

ಮೆಟ್ರಿಕ್ ಫಲಿತಾಂಶ ಬಂತು. ಗಣಿತದಲ್ಲಿ ಅವನಿಗೆ ತೊಂಬತ್ತಾರು, ನನಗೆ ಐವತ್ತೆರಡು. ಉರ್ದುವಿನಲ್ಲಿ ಅವನಿಗೆ ಮೂರು ನಂಬರು ಕಡಿಮೆ ಬಿದ್ದಿದ್ದವು. ಆ ಮೂರನ್ನು ದಯೆಯಿಂದ ಸೇರಿಸಿ ಪಾಸು ಮಾಡಿದ್ದರು. ಆದರೆ ಹಾಗೆ ಪಾಸಾದವರಿಗೆ, ಒಟ್ಟು ಎಷ್ಟೇ ಇರಲಿ, ಮೂರನೆಯ ದರ್ಜೆ. ಅದರ ಅರ್ಥವೇನೆಂದು ಇಬ್ಬರಿಗೂ ಆಗ ಗೊತ್ತಿರಲಿಲ್ಲ.

ಹೈದರಾಬಾದಿಗೆ ಒಂದೇ ರೈಲಿನಲ್ಲಿ ಹೋದೆವು. ಕಾಲೇಜಿನ ಗುಮಾಸ್ತ ನನ್ನ ಅರ್ಜಿಯನ್ನು ಮೊಹರಿಗೆಂದು ಕೈಯಲ್ಲಿಟ್ಟುಕೊಂಡ. ಗೆಳೆಯನದನ್ನು ಪೂರ್ತಿ ಓದಲೂ ಇಲ್ಲ. ಮೂರನೆಯ ದರ್ಜೆಯವರಿಗೆ ವಿಜ್ಞಾನ ಇಲ್ಲವೆಂದು ಉರ್ದುವಿನಲ್ಲಿ ಹೇಳಿ ಕಾಗದವನ್ನು ಹಿಂದಕ್ಕೆ ತಳ್ಳಿದ. ನಾನು ಗಣಿತದ ನಂಬರಿನ ಮೇಲೆ ಬೆರಳಿಟ್ಟು ತೋರಿಸಿದೆ. ನಾವು ನೋಡುವುದು ದರ್ಜೆಯನ್ನು ಎಂದ.

ಉರ್ದುವಿನಲ್ಲಿ ಬಾಯಿ ತೆರೆಯಲು ಅಳುಕುತ್ತಿದ್ದ ಗೆಳೆಯ ನನ್ನ ತೋಳು ಹಿಡಿದ. "ಒಂದು ಲೆಕ್ಕ ಕೊಡ್ರಿ ಅಂತ ಕೇಳು. ಯಾವುದರ ಕೊಡ್ಲಿ, ಇಲ್ಲೇ ನಿಂತು ಮಾಡಿ ತೋರಸ್ತೀನಿ."

ನನ್ನ ಅರ್ಜಿಗೆ ಇನ್ನೂ ಮೊಹರು ಬಿದ್ದಿರಲಿಲ್ಲ. ಗುಮಾಸ್ತ ಸಿಟ್ಟಾದರೆ ಎಂಬ ಭಯ. ಕಾಲೇಜು ಎಂದು ಶುರುವಾಗುತ್ತದೆ ಎಂದು ಉರ್ದುವಿನಲ್ಲಿ ಕೇಳಿದೆ. ಆತ ಏನೋ ಹೇಳಿದ. ನಾನು ಗೆಳೆಯನ ಕಡೆ ತಿರುಗಿ, "ಕೇಳಿದೆ. ಆಗಂಗಿಲ್ಲಂತ" ಎಂದೆ. ಅವನು ತಲೆಯಾಡಿಸಿದ. ಅಂದೇ ಸಂಜೆಯ ರೈಲಿಗೆ ಊರಿಗೆ ಹೊರಟುಹೋದ.

ನನಗೆ ಈಗಲೂ ಮೈ ಉರಿಯುತ್ತದೆ. ಐವತ್ತೆರಡರವನು ಇಂಜಿನಿಯರ್ ಆಗಬಹುದು, ತೊಂಬತ್ತಾರರವನು ಕಾಲೇಜಿನ ಮೆಟ್ಟಿಲನ್ನೂ ಹತ್ತಬಾರದು. ಉರ್ದುವಿನ ತಪ್ಪಲ್ಲ ಅದು, ಚೆಂದದ ಭಾಷೆ. ಆದರೆ ಕಾಲುವೆಯ ನೀರು ಯಾವ ಭಾಷೆಯಲ್ಲಿ ಹರಿಯುತ್ತದೆಂದು ಈ ಕಾಯ್ದೆ ಮಾಡಿದವರನ್ನು ಯಾರಾದರೂ ಕೇಳಬೇಕಿತ್ತು.

ಏಳೆಂಟು ವರ್ಷಗಳ ಮೇಲೆ ಗಂಗಾವತಿ ಕಡೆ ಕಾಲುವೆಯ ಅಳತೆಗೆ ನನ್ನನ್ನು ಹಾಕಿದರು. ಸರಪಳಿ ಎಳೆಯುವ ಆಳುಗಳಲ್ಲಿ ಅವನಿದ್ದ. ನಾನು ಹೆಸರು ಹಿಡಿದು ಕರೆದರೆ "ಏನ್ರಿ ಸಾಹೇಬ್ರ" ಎಂದ. ಎಷ್ಟು ಬೇಡವೆಂದರೂ ಆ 'ರಿ' ಬಿಡಲಿಲ್ಲ. ಒಂದು ಮಧ್ಯಾಹ್ನ ನನ್ನ ಅಳತೆಯ ಪುಸ್ತಕ ನೋಡುತ್ತ ನಿಂತವನು ಮೆಲ್ಲಗೆ ಹೇಳಿದ: "ನಿನ್ನಿ ಮಟ್ಟದ ಲೆಕ್ಕದಾಗ ಒಂದು ಫೂಟು ತಪ್ಪೈತ್ರಿ. ಹಿಂಗ ತೋಡಿದ್ರ ನೀರು ಮುಂದಕ್ಕ ಹೋಗಂಗಿಲ್ಲ."

ಕುಳಿತು ಮತ್ತೆ ಲೆಕ್ಕ ಹಾಕಿದೆ. ಅವನು ಹೇಳಿದ್ದೇ ಸರಿ. ಅವನನ್ನು ಸರ್ವೇಯರ್ ಮಾಡಬೇಕೆಂದು ಮೇಲಿನವರಿಗೆ ಎರಡು ಪುಟ ಬರೆದೆ. ಒಂದು ಸಾಲಿನ ಉತ್ತರ ಬಂತು: ಅಭ್ಯರ್ಥಿ ಎರಡನೆಯ ದರ್ಜೆಯಲ್ಲಿ ಪಾಸಾಗಿರಬೇಕು. ಮೇಲಧಿಕಾರಿಯ ಡೇರೆಗೇ ಹೋಗಿ ಜಗಳವಾಡಿದೆ. ಕಾಯ್ದೆ ತಾನು ಮಾಡಿದ್ದಲ್ಲ ಎಂದ ಆತ. ಎಲ್ಲರೂ ಹಾಗೆಯೇ ಅನ್ನುತ್ತಾರೆ. ಮಾಡಿದವನು ಮಾತ್ರ ಎಂದೂ ಎದುರಿಗೆ ಸಿಗುವುದಿಲ್ಲ.

ಸುದ್ದಿ ಹೇಳಿದಾಗ ಅವನು ಸರಪಳಿಯ ಮಣ್ಣು ಒರೆಸುತ್ತಿದ್ದ. "ಬಿಡ್ರಿ. ಈ ಸಲ ಕೇಳೀರಲ್ಲ, ಅಷ್ಟ ಸಾಕು."

ಒರೆಸುವುದನ್ನು ನಿಲ್ಲಿಸದೆ ಅವನೇ ಮುಂದುವರಿಸಿದ.

"ಅವತ್ತ ನೀವು ಕೇಳಿದ್ದು ಕಾಲೇಜು ಯಾವಾಗ ಸುರು ಅಂತ. ಅಷ್ಟು ಉರ್ದು ನನಗ ಬರ್ತಿತ್ರಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು...

ಅವನು ತೀರಿಕೊಂಡು ಬಹಳ ವರ್ಷಗಳಾದವು. ಸುದ್ದಿ ನನ್ನನ್ನು ಮುಟ್ಟುವಾಗ ಮಣ್ಣಾಗಿ ತಿಂಗಳೇ ಕಳೆದಿತ್ತು. ಆ ಕಾಲುವೆಯ ನೀರು ಇವತ್ತಿಗೂ ಸಿದ್ದಾಪುರದ ಗದ್ದೆಗಳಿಗೆ ಹೋಗುತ್ತದೆ. ತಿದ್ದಿದ ಆ ಲೆಕ್ಕದ ಕೆಳಗೆ ನನ್ನ ಸಹಿ ಇದೆ. ತಿದ್ದಿದವನ ಹೆಸರು ಬರೆಯಲು ಆ ಹಾಳೆಯಲ್ಲಿ ಬೇಕಾದಷ್ಟು ಜಾಗವಿತ್ತು. ನಾನು ಬರೆಯಲಿಲ್ಲ.