ರವಿಕೆ ಹುಕ್ಕಿನ ರೈಲು

ಹೇರೋಹಳ್ಳಿಯಲ್ಲಿ ಗಿರಾಕಿಯೊಬ್ಬರಿಗೆ ರವಿಕೆ ಕೊಟ್ಟು ವಿಜಯನಗರದ ಮನೆಗೆ ವಾಪಸ್ಸು ಬರುವಾಗ ನನ್ನ ಸ್ಕೂಟರ್ ಗುಂಡಿಗೆ ಇಳಿಯಿತು. ನೀರು ತುಂಬಿದ್ದರಿಂದ ಗುಂಡಿ ಎಷ್ಟು ಆಳವೆಂದು ಗೊತ್ತಾಗಿರಲಿಲ್ಲ. ಬಲಗೈ ಮಣಿಕಟ್ಟು ಮುರಿಯಿತು. ಪ್ಲೇಟು ಹಾಕಿದರು, ಮೂಳೆ ಕೂಡಿತು, ಬೆರಳುಗಳು ಮಾತ್ರ ಹೇಳಿದ ಮಾತು ಕೇಳಲಿಲ್ಲ. ಸೂಜಿ ಹಿಡಿದರೆ ಜಾರುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿದುಕೊಂಡೇ ಬದುಕಿದವಳಿಗೆ ಅದು ಸಣ್ಣ ವಿಷಯವಲ್ಲ.

ನೋಡಲು ಬಂದವರೆಲ್ಲ ಒಂದೇ ರಾಗ ಹಾಡಿದರು. ಕೆಂಗೇರಿಯಿಂದ ಬಂದ ನನ್ನ ನಾದಿನಿಯಂತೂ ಕಾಫಿ ಲೋಟ ಕೆಳಗಿಡುವ ಮುಂಚೆಯೇ ಶುರು ಮಾಡಿದಳು.

"ಸಾಕು ಬಿಡಿ ಅತ್ತಿಗೆ. ಹೊಲಿದಿದ್ದು ಕಮ್ಮಿನಾ? ಮೆಷಿನ್ ಯಾರಿಗಾದ್ರೂ ಕೊಟ್ಬಿಡಿ. ಆರಾಮಾಗಿ ಟೀವಿ ನೋಡ್ಕೊಂಡಿರಿ."

"ಮೆಷಿನ್ ಅಲ್ಲೇ ಇರತ್ತೆ. ನಾನೂ ಇಲ್ಲೇ ಇರ್ತೀನಿ" ಅಂದೆ.

ಅವಳು ನನ್ನ ಕೈಯನ್ನು ನೋಡುತ್ತಲೇ ಲೋಟ ಕೆಳಗಿಟ್ಟಳು. ಆ ನೋಟ ಮಾತಿಗಿಂತ ಹೆಚ್ಚು ಚುಚ್ಚಿತು.

ಅದೇ ತಿಂಗಳು ಪಕ್ಕದ ಮನೆಯವರು ಮನೆ ಖಾಲಿ ಮಾಡಿದರು. ಸಾಮಾನಿನ ನಡುವೆ ಒಂದು ದೊಡ್ಡ ಪೆಟ್ಟಿಗೆಯಿತ್ತು. ಒಳಗೆ ಆಟದ ರೈಲು. ಆಟದ್ದೆಂದರೆ ಕೀಲಿ ಕೊಟ್ಟು ಓಡಿಸುವಂಥದ್ದಲ್ಲ. ನಿಜವಾದ ರೈಲಿನದೇ ಅಚ್ಚು. ಇಂಜಿನ್ನು, ಬೋಗಿಗಳು, ಹಳಿ, ಬ್ಯಾಟರಿಯಲ್ಲಿ ನಡೆಯುವ ಕಂಟ್ರೋಲರ್ ಎಲ್ಲ ಇದ್ದವು. ಬೋಗಿಗಳ ಒಳಗೆ ಪುಟ್ಟ ದೀಪಗಳು. ನಾನು ಬಗ್ಗಿ ಬಗ್ಗಿ ನೋಡುತ್ತಿದ್ದುದನ್ನು ಕಂಡು ಆ ಮನೆಯಾಕೆ, "ನಮ್ಮೋರು ಹೋದ್ಮೇಲೆ ಯಾರೂ ಮುಟ್ಟಿಲ್ಲ. ನೀವಾದ್ರೂ ಓಡ್ಸಿ ಆಂಟಿ" ಎಂದು ಪೆಟ್ಟಿಗೆಯನ್ನೇ ಎತ್ತಿ ಕೊಟ್ಟರು.

ಊಟದ ಮೇಜಿನ ಮೇಲೆ ನಾನೂ ಗಂಡನೂ ಹಳಿ ಜೋಡಿಸಿದೆವು. ರೈಲು ಓಡಿತು, ದೀಪಗಳು ಮಾತ್ರ ಮಿಣಮಿಣ ಎನ್ನುತ್ತಿದ್ದವು. ಒಂದು ಬೋಗಿ ಹೊತ್ತಿದರೆ ಇನ್ನೊಂದು ಆರುತ್ತಿತ್ತು. ನನ್ನ ಗಂಡ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದವರು. ಒಂದು ಬೋಗಿಯನ್ನು ತಿರುವಿ ಹಾಕಿ ತೋರಿಸಿದರು. ಪ್ರತಿ ಬೋಗಿಯೂ ತನ್ನದೇ ಚಕ್ರಗಳಿಂದ, ಎರಡು ಹಳಿಯಿಂದಲೂ ಕರೆಂಟು ತೆಗೆದುಕೊಳ್ಳುತ್ತದೆ. ಚಕ್ರಕ್ಕೆ ಒಂದು ಚೂರು ಧೂಳು ಸಿಕ್ಕರೂ ಆ ಬೋಗಿ ಕತ್ತಲೆ.

"ಹಾಗಾದ್ರೆ ಒಂದು ಬೋಗಿಯಿಂದ ಇನ್ನೊಂದಕ್ಕೆ ಕರೆಂಟು ದಾಟಿಸಿದ್ರೆ?" ಎಂದು ಕೇಳಿದೆ. "ಒಂದರ ಚಕ್ರ ಕೈ ಕೊಟ್ರೆ ಪಕ್ಕದ್ದು ಕೊಡತ್ತಲ್ಲ."

"ಅದಕ್ಕೆ ಬೇರೆ ಥರದ ಕೊಂಡಿ ಬೇಕು ಕಣೇ. ಫಾರಿನ್‌ದು. ಇಲ್ಲಿ ಸಿಗಲ್ಲ."

ಸಿಗುವುದಿಲ್ಲ ಎಂದದ್ದೇ ತಡ, ನನಗೆ ಹಟ ಬಂತು. ಹೊಲಿಗೆ ಡಬ್ಬಿ ತೆರೆದೆ. ರವಿಕೆಗೆ ಹಾಕುವ ಹುಕ್ಕುಗಳು, ಅವನ್ನು ಸಿಕ್ಕಿಸುವ ಪುಟ್ಟ ತಂತಿಯುಂಗುರಗಳು ಡಬ್ಬಿಯಲ್ಲಿ ರಾಶಿಯಿದ್ದವು. ಲೋಹ ಲೋಹವನ್ನು ಹಿಡಿದುಕೊಂಡರೆ ಕರೆಂಟು ದಾಟಲೇಬೇಕಲ್ಲ. ಬೋಗಿಯ ಹಿಂದೆ ಎರಡು ಹುಕ್ಕು, ಮುಂದೆ ಎರಡು ಉಂಗುರ, ಒಂದೊಂದು ಹಳಿಯ ಕರೆಂಟಿಗೆ ಒಂದೊಂದು. ಬೋಗಿಯನ್ನು ಎಳೆಯುವ ಕೆಲಸಕ್ಕೆ ಹಳೆಯ ಕೊಂಡಿ ಇದ್ದೇ ಇತ್ತು. ಹುಕ್ಕಿನ ಕೆಲಸ ಕರೆಂಟು ದಾಟಿಸುವುದಷ್ಟೇ.

ಹೇಳಿದಷ್ಟು ಸುಲಭವಾಗಲಿಲ್ಲ. ಹುಕ್ಕಿನ ಮೇಲಿನ ಹೊಳಪಿಗೆ ಬೆಸುಗೆ ಹಿಡಿಯುತ್ತಿರಲಿಲ್ಲ, ಉಪ್ಪುಕಾಗದದಲ್ಲಿ ಉಜ್ಜಬೇಕಾಯಿತು. ಗಂಡ ಬೆಸುಗೆ ಹಾಕುವ ಕಾದ ಸಾಲ್ಡರಿಂಗ್ ಕಡ್ಡಿ ಹಿಡಿಯುವುದನ್ನು ಒಮ್ಮೆ ತೋರಿಸಿ, "ಕೊಡು, ನಾನೇ ಹಾಕ್ತೀನಿ" ಎಂದರು. ಕೊಡಲಿಲ್ಲ. ಚಿಮುಟ ಬಲಗೈಯಿಂದ ಜಾರಿದರೆ ಎಡಗೈಗೆ, ಎಡಗೈ ಸೋತರೆ ಮತ್ತೆ ಬಲಗೈಗೆ. ಹೆಬ್ಬೆರಳು ಸುಟ್ಟಿತು. ಮತ್ತೊಮ್ಮೆ ಬಂದಾಗ ಅದನ್ನು ನೋಡಿದ ನಾದಿನಿ ಫೋನು ತೆಗೆದು ಊರಿಗೆಲ್ಲ ಹೇಳಿದಳು, ಅತ್ತಿಗೆಗೆ ತಲೆ ಕೆಟ್ಟಿದೆಯಂತೆ, ಈ ವಯಸ್ಸಿನಲ್ಲಿ ರೈಲಾಟ ಆಡುತ್ತಾಳಂತೆ. ಹೇಳಿಕೊಳ್ಳಲಿ ಎಂದು ಬಿಟ್ಟೆ. ಹುಕ್ಕು ಉಂಗುರದಲ್ಲಿ ಅಲ್ಲಾಡಿದರೆ ದೀಪ ಮಿಣುಕುತ್ತಿತ್ತು. ಆದ್ದರಿಂದ ಪ್ರತಿ ಹುಕ್ಕನ್ನೂ ಬಿಗಿಯಾಗಿ ಕೂರುವ ಹಾಗೆ ಬಗ್ಗಿಸಿದೆ. ತಿರುವಿನಲ್ಲಿ ಎಳೆಯದಿರಲೆಂದು ಹುಕ್ಕಿಗೂ ಚಕ್ರಕ್ಕೂ ನಡುವೆ ಮೆತ್ತನೆಯ ತೆಳು ವೈರು ಬಿಟ್ಟೆ. ಕೊನೆಗೊಂದು ಸಂಜೆ ಎಲ್ಲ ಬೋಗಿಗಳೂ ಒಟ್ಟಿಗೆ ಹೊತ್ತಿ, ಒಂದೂ ಮಿಣುಕದೆ ಮೇಜು ಸುತ್ತಿದವು.

ಜ್ಞಾನಭಾರತಿಯ ಆಚೆ ಒಂದು ಸಭಾಂಗಣದಲ್ಲಿ ಮಾದರಿ ರೈಲು ಮಾಡುವವರ ಎರಡು ದಿನದ ಪ್ರದರ್ಶನ ಇದೆಯೆಂದು ಗಂಡ ಎಲ್ಲೋ ನೋಡಿದ್ದರು. ಯಾರು ಬೇಕಾದರೂ ತಮ್ಮ ರೈಲು ತಂದು ಅಲ್ಲಿನ ದೊಡ್ಡ ಹಳಿಯ ಮೇಲೆ ಓಡಿಸಬಹುದಂತೆ. ಹೋದೆವು. ಬೋಗಿಗಳನ್ನು ಹಳಿಗೆ ಇಳಿಸುವ ಅವಸರದಲ್ಲಿ ಒಂದನ್ನು ಹಿಂದುಮುಂದಾಗಿ ಇಟ್ಟೆ. ಹುಕ್ಕಿಗೆ ಉಂಗುರ ಸಿಗಲಿಲ್ಲ, ಹುಕ್ಕಿಗೆ ಹುಕ್ಕೇ ಎದುರಾಯಿತು. ಮೊದಲ ತಿರುವಿನಲ್ಲೇ ಅವು ಒಂದಕ್ಕೊಂದು ತೊಡರಿಕೊಂಡು ಶಾರ್ಟ್ ಆಯಿತು. ನನ್ನದಷ್ಟೇ ಅಲ್ಲ, ಆ ಹಳಿಯ ಮೇಲಿದ್ದ ರೈಲುಗಳೆಲ್ಲ ನಿಂತವು.

ಪ್ರದರ್ಶನದ ಮುಖ್ಯಸ್ಥರು ಬಂದು ನನ್ನ ಬೋಗಿ ಎತ್ತಿ ನೋಡಿದರು.

"ಇದೇನ್ ಮೇಡಂ, ಬ್ಲೌಸ್ ಹುಕ್ಕಾ?"

"ಹೌದು ಸಾರ್."

"ಮನೇಲಿ ಮಾಡಿದ್ದೆಲ್ಲ ಇಲ್ಲಿ ನಡಿಯಲ್ಲ. ಕಂಪ್ನಿ ಕೊಂಡಿ ಹಾಕ್ಕೊಂಡ್ ಬನ್ನಿ."

ಸುತ್ತ ನಿಂತವರು ನಕ್ಕರು. ಗಂಡ ಬೋಗಿಗಳನ್ನು ಪೆಟ್ಟಿಗೆಗೆ ತುಂಬಿದರು. ದಾರಿಯುದ್ದಕ್ಕೂ ನನಗೆ ಅವಮಾನಕ್ಕಿಂತ ಸಿಟ್ಟೇ ಹೆಚ್ಚಿತ್ತು. ಶಾರ್ಟ್ ಆದದ್ದು ನಿಜ. ಆದರೆ ತಪ್ಪು ಹುಕ್ಕಿನದಲ್ಲ, ಅದನ್ನು ಕೂರಿಸಿದ ರೀತಿಯದು.

ಮನೆಗೆ ಬಂದವಳೇ ಎರಡು ಬೋಗಿಗಳನ್ನು ಎದುರುಬದುರು ಇಟ್ಟುಕೊಂಡು ಕೂತೆ. ಎದುರು ನಿಂತವರ ಬಲಗೈ ಇರುವುದು ನಮ್ಮ ಎಡಗೈ ಕಡೆ. ಹಾಗಿದ್ದರೆ ಪ್ರತಿ ತುದಿಯಲ್ಲೂ ಬಲಕ್ಕೊಂದು ಹುಕ್ಕು, ಎಡಕ್ಕೊಂದು ಉಂಗುರ ಇದ್ದರೆ ಸಾಕು. ಬೋಗಿಯನ್ನು ಹೇಗೆ ತಿರುಗಿಸಿಟ್ಟರೂ ಹುಕ್ಕಿಗೆ ಉಂಗುರವೇ ಸಿಗುತ್ತದೆ. ಗಂಡನಿಗೆ ಹೇಳಿದೆ. ಅವರು ಬೋಗಿಗಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ನಂಗ್ಯಾಕೆ ಹೊಳೀಲಿಲ್ಲ ಇದು" ಎಂದು ಸಾಲ್ಡರಿಂಗ್ ಕಡ್ಡಿ ಕಾಯಿಸಲು ಇಟ್ಟರು. ಹಾಕಿದ್ದನ್ನೆಲ್ಲ ಬಿಚ್ಚಿ ಮತ್ತೆ ಹಾಕಿದೆ. ಆ ದಿನ ಅಡುಗೆ ಅವರದು.

ಮರುದಿನ ಮತ್ತೆ ಹೋದೆವು. ಮುಖ್ಯಸ್ಥರು ಬಾಗಿಲಲ್ಲೇ ತಲೆಯಾಡಿಸಿದರು.

"ನಿನ್ನೆ ಹೇಳಿದ್ನಲ್ಲ ಮೇಡಂ."

"ಸರಿಮಾಡ್ಕೊಂಡ್ ಬಂದಿದೀನಿ. ಒಂದ್ಸಲ ನೋಡಿ ಸಾರ್."

"ಆಗಲ್ಲ. ರೂಲ್ ಅಂದ್ರೆ ರೂಲು."

ಗಂಡ ನನ್ನ ಮುಖ ನೋಡಿದರು, ಮನೆಗೆ ಹೋಗೋಣವೇ ಎನ್ನುವ ಹಾಗೆ. ನಾನು ಹೊರಗಿನ ವರಾಂಡದಲ್ಲಿ, ಚಪ್ಪಲಿ ಬಿಡುವ ಜಾಗದ ಪಕ್ಕ, ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕೂತೆ. ಪೆಟ್ಟಿಗೆಯಿಂದ ನಮ್ಮದೇ ಹಳಿ ತೆಗೆದು ಜೋಡಿಸತೊಡಗಿದೆ. ಗಂಡ ಒಂದು ಕ್ಷಣ ನಿಂತು ನೋಡಿ, ಪ್ಯಾಂಟು ಮೇಲಕ್ಕೆಳೆದುಕೊಂಡು ಪಕ್ಕದಲ್ಲಿ ಕೂತರು.

ಬೇಕೆಂದೇ ಒಂದು ಬೋಗಿಯನ್ನು ತಿರುಗಿಸಿಟ್ಟೆ. ರೈಲು ಹೊರಟಿತು. ಸಂಜೆಯಾಗುತ್ತಿತ್ತು. ಒಳಗೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಯಾರ ಬೋಗಿಯ ದೀಪವೂ ಕಾಣುತ್ತಿರಲಿಲ್ಲ. ವರಾಂಡದ ಮಬ್ಬಿನಲ್ಲಿ ನನ್ನ ರೈಲಿನ ಕಿಟಕಿಗಳು ಸಾಲಾಗಿ ಹೊಳೆದವು. ಚಪ್ಪಲಿ ಹುಡುಕಿಕೊಂಡು ಬಂದವರು ನಿಂತರು. ಅವರನ್ನು ಕಂಡು ಇನ್ನಷ್ಟು ಜನ ನಿಂತರು. ದಾರಿ ಕಟ್ಟಿತು.

ಮುಖ್ಯಸ್ಥರು ಹೊರಗೆ ಬಂದರು. ಬಗ್ಗಿ ಕೂತು ಹುಕ್ಕುಗಳನ್ನೇ ನೋಡಿದರು. ರೈಲು ತಿರುವು ದಾಟುವವರೆಗೂ ಕಾದರು.

"ಚೆನ್ನಾಗ್ ಹಿಡ್ಕೊಂಡಿದೆ" ಎಂದರು. "ಆದ್ರೂ ರೂಲ್ ಇದೆಯಲ್ಲ ಮೇಡಂ."

"ರೂಲ್ ನಿಮ್ ಟೇಬಲ್ ಮೇಲಿಂದು ಸಾರ್. ಇದು ನೆಲ."

ಯಾರೋ ಜೋರಾಗಿ ನಕ್ಕರು. ಮುಖ್ಯಸ್ಥರಿಗೂ ನಗು ಬಂತು, ತಡೆದುಕೊಂಡರು. ಜನ ಓಡಾಡಲು ಸ್ವಲ್ಪ ಜಾಗ ಬಿಡಿ ಎಂದಷ್ಟೇ ಹೇಳಿ ಒಳಗೆ ಹೋದರು. ರೂಲು ಬದಲಾಗಲಿಲ್ಲ. ನಾನೂ ಅವರ ಕಂಪನಿ ಕೊಂಡಿ ಕೊಳ್ಳಲಿಲ್ಲ.

ಜನ ಕರಗಿದ ಮೇಲೆ ಸಭಾಂಗಣದ ಕಾವಲುಗಾರ ಬೀಗ ಹಿಡಿದುಕೊಂಡು ಬಂದ.

"ಆಂಟಿ, ಮುಗೀತಾ?"

"ಇಲ್ಲಪ್ಪ" ಎಂದು ಕಂಟ್ರೋಲರ್ ತಿರುಗಿಸಿ ರೈಲಿನ ವೇಗ ಇನ್ನಷ್ಟು ಹೆಚ್ಚಿಸಿದೆ. ಅವನು ಬೀಗವನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತ.