ದಿನಕ್ಕೆ ಮೂರು ಪುಟ ಬಾಯಿಪಾಠ

ಬೆಳಗಿನ ಐದೂವರೆ. ಹಳೇ ಬಟ್ಟೆ ವಿಂಗಡಿಸುವ ಶೆಡ್ಡಿನ ಗೇಟು ಇನ್ನೂ ತೆರೆದಿಲ್ಲ. ಕಾವಲುಗಾರನ ಗೂಡಿನ ಹೊರಗಿರುವ ಒಂದೇ ದೀಪದ ಕೆಳಗೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಹೆಂಗಸೊಬ್ಬರು ಕೂತಿದ್ದಾರೆ. ತೊಡೆಯ ಮೇಲೆ ರಟ್ಟು ಕಿತ್ತುಹೋದ ದಪ್ಪ ಪುಸ್ತಕ. ಎರಡು ಸಾಲು ಓದುತ್ತಾರೆ, ಕಣ್ಣು ಮುಚ್ಚುತ್ತಾರೆ, ತುಟಿಯಲ್ಲೇ ಹೇಳಿಕೊಳ್ಳುತ್ತಾರೆ. ತಪ್ಪಿದರೆ ಮೊಣಕಾಲಿಗೆ ತಾವೇ ಒಂದು ಏಟು ಕೊಟ್ಟುಕೊಂಡು ಮತ್ತೆ ಮೊದಲಿನಿಂದ ಶುರು. ಗೊತ್ತಿಲ್ಲದವರು ನೋಡಿದರೆ ಯಾರಿಗೋ ಶಾಪ ಹಾಕುತ್ತಿದ್ದಾರೆ ಎಂದುಕೊಳ್ಳಬೇಕು.

“ಐವತ್ಮೂರು ವರ್ಷಕ್ಕೆ ಮತ್ತೆ ಪರೀಕ್ಷೆಗೆ ಕೂತಂಗಾಗಿದೆ ನನಗೆ. ದಿನಕ್ಕೆ ಮೂರು ಪುಟ. ನಿನ್ನೇದು ಇವತ್ತು ಮರೆತುಹೋಗತ್ತೆ, ಹೋಗ್ಲಿ ಬಿಡಿ. ಇವತ್ತಿಂದು ಸಂಜೆವರೆಗೂ ನಿಂತ್ರೆ ಸಾಕು,” ಎಂದು ನಗುತ್ತಾರೆ. ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಓದಕ್ಕ ಎಂದೇ.

ಏಳಕ್ಕೆ ಗಂಟೆ ಹೊಡೆಯುತ್ತದೆ. ಒಳಗೆ ಮೂವತ್ತೊಂದು ಮೇಜುಗಳು, ಮೂವತ್ತೊಂದು ಹೆಂಗಸರು. ಯಾರೋ ಉಟ್ಟು ತೊಟ್ಟು ಬಿಸಾಡಿದ ಬಟ್ಟೆ ಲಾರಿಗಟ್ಟಲೆ ಬಂದು ಬೀಳುತ್ತದೆ. ಮತ್ತೆ ತೊಡಬಹುದಾದದ್ದು ಒಂದು ಕಡೆ, ಯಂತ್ರ ಒರೆಸಲಿಕ್ಕೆ ಆಗುವಂಥದ್ದು ಇನ್ನೊಂದು ಕಡೆ, ಉಣ್ಣೆಯದು ಬೇರೆ, ಗುಂಡಿ ಕತ್ತರಿಸಿ ತೆಗೆಯಬೇಕಾದದ್ದು ಬೇರೆ. ಒಬ್ಬೊಬ್ಬರ ಕೈಯಲ್ಲೂ ದಿನಕ್ಕೆ ನೂರನಲವತ್ತು ಕಿಲೋ ಹಾದುಹೋಗಬೇಕು. ಧೂಳಿಗೆ ಮೂಗಿಗೊಂದು ಬಟ್ಟೆ ಕಟ್ಟಿಕೊಳ್ಳುತ್ತಾರೆ. ಅದನ್ನೂ ರಾಶಿಯಿಂದಲೇ ಹುಡುಕಿಕೊಳ್ಳಬೇಕು, ಕಂಪನಿ ಕೊಡುವುದಿಲ್ಲ.

ಹತ್ತೊಂಬತ್ತು ವರ್ಷಗಳ ಹಿಂದೆ ಓದಕ್ಕ ಇಲ್ಲಿಗೆ ಸೇರಿದಾಗ ಅಕ್ಷರ ಬಲ್ಲವರು ಅವರೊಬ್ಬರೇ. ಕೋಟಿನ ಜೇಬಿನಲ್ಲಿ ಸಿಕ್ಕ ಹಳೇ ಪತ್ರವೊಂದನ್ನು ಒಂದು ದಿನ ಜೋರಾಗಿ ಓದಿದರು. ಮರುದಿನ ಇಡೀ ಸಾಲು “ಇವತ್ತೇನಿಲ್ವಾ?” ಎಂದಿತು. ಹಾಗೆ ಶುರುವಾದದ್ದು ಒಂದು ಪದ್ಧತಿಯೇ ಆಯಿತು. ಅವರು ಸ್ಟೂಲಿನ ಮೇಲೆ ಕೂತು ಓದಬೇಕು, ಅವರ ಪಾಲಿನ ಬಟ್ಟೆಯನ್ನು ಉಳಿದವರು ಹಂಚಿಕೊಂಡು ವಿಂಗಡಿಸಬೇಕು. ಯಾರೂ ಗೊಣಗಲಿಲ್ಲ. ಆಗಿನ ಮೇಲ್ವಿಚಾರಕನೂ, ಓದುವ ದಿನ ಕೆಲಸ ಬೇಗ ಮುಗಿಯುತ್ತದೆ ಎಂದು ಸುಮ್ಮನಿದ್ದ.

ಎರಡು ವರ್ಷದ ಹಿಂದೆ ಹೊಸಬ ಬಂದ. ಒಬ್ಬೊಬ್ಬರಿಗೂ ಒಂದೊಂದು ಕಾರ್ಡು ಬಂತು, ಯಾರು ಎಷ್ಟು ತೂಕ ವಿಂಗಡಿಸಿದರು ಎಂಬುದು ಅದರಲ್ಲಿ ಬೀಳುತ್ತದೆ. ಮೇಜು ಮೇಜಿನ ನಡುವೆ ಎದೆಯೆತ್ತರದ ಹಲಗೆ ನಿಂತವು, ಕೂತರೆ ಪಕ್ಕದವಳ ಮುಖ ಕಾಣುವುದಿಲ್ಲ. ಹರಟೆ ತಪ್ಪಿಸಲಿಕ್ಕಂತೆ. ಮನುಷ್ಯರನ್ನು ಒಂಟಿ ಮಾಡಲು ಇಷ್ಟೊಂದು ಮರ ಖರ್ಚು ಮಾಡಿದ್ದನ್ನು ಇನ್ನೆಲ್ಲೂ ಕಾಣೆವು. ಮೊದಲ ವಾರ ಓದಕ್ಕನ ಕಾರ್ಡಿನಲ್ಲಿ ಬಿದ್ದದ್ದು ಸೊನ್ನೆ. ಮೇಲ್ವಿಚಾರಕ ಕರೆದು, “ಕೈ ಓಡ್ತಿದ್ರೆ ಬಾಯಿ ಏನ್ ಮಾಡಿದ್ರೂ ನನಗೆ ಸಂಬಂಧ ಇಲ್ಲ. ಕೈ ನಿಂತ್ರೆ ಗೇಟಾಚೆ,” ಎಂದ.

“ಅವನು ಬೈದ ಅಂತ ಎಲ್ರೂ ಅತ್ರು. ನನಗೆ ಅದರಲ್ಲೇ ದಾರಿ ಕಾಣ್ತು. ಬಾಯಿಗೆ ಸಂಬಂಧ ಇಲ್ಲ ಅಂದನಲ್ಲ!” ಎನ್ನುತ್ತಾರೆ ಓದಕ್ಕ. ಅಂದಿನಿಂದ ಬೆಳಗಿನ ಬಕೆಟ್ಟು, ಬಾಯಿಪಾಠ. ಕೈ ಷರಟು ಪ್ಯಾಂಟು ಬೇರೆ ಮಾಡುತ್ತಿರುತ್ತದೆ, ದನಿ ಮಾತ್ರ ಹಲಗೆಗಳ ಮೇಲಿಂದ ಹಾಯುತ್ತಿರುತ್ತದೆ.

ಕಳೆದ ಚಳಿಗಾಲದಲ್ಲಿ ಒಂದು ದೊಗಳೆ ಕೋಟಿನ ಒಳಜೇಬಿನಲ್ಲಿ ಈಗಿನ ಪುಸ್ತಕ ಸಿಕ್ಕಿತು. ಮೊದಲ ಹಾಳೆಗಳಿಲ್ಲ, ಆದ್ದರಿಂದ ಹೆಸರೂ ಗೊತ್ತಿಲ್ಲ, ಬರೆದವರೂ ಗೊತ್ತಿಲ್ಲ. ಅಮೆರಿಕದ ಕಾದಂಬರಿಯೊಂದರ ಅನುವಾದ. ಬ್ಯಾಂಕುಗಳು ಮುಳುಗಿ, ಕಾರ್ಖಾನೆಗಳಿಗೆ ಬೀಗ ಬಿದ್ದು, ಊರಿಗೆ ಊರೇ ಕೆಲಸ ಹುಡುಕುತ್ತ ರಸ್ತೆಗಿಳಿದ ಕಾಲದ ಕಥೆ. ಮರ ಕೊಯ್ಯುವ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದ ಮುದುಕನೊಬ್ಬನನ್ನು ಒಂದು ಬೆಳಿಗ್ಗೆ ಹೊರಹಾಕುತ್ತಾರೆ. ಬಾಡಿಗೆ ಕೋಣೆಯಲ್ಲಿ ಅವನು ಒಬ್ಬನೇ. ಕೆಲಸವಿದೆ ಎಂದು ನೆರೆಯವರು ತಿಳಿಯಲಿ ಎಂದು ದಿನಾ ತಲೆ ಬಾಚಿ, ಖಾಲಿ ಊಟದ ಡಬ್ಬಿ ಹಿಡಿದು ಹೊರಡುತ್ತಾನೆ.

ಶೆಡ್ಡು ಅವನನ್ನು ಮನೆಯವನನ್ನಾಗಿ ಮಾಡಿಕೊಂಡಿತು. ಗಂಟೆ ಹೊಡೆಯುವ ಮೊದಲೇ “ನಿನ್ನೆ ರಾತ್ರಿಗೆ ಏನಾದ್ರೂ ತಿಂದ್ನಾ?” ಎಂದು ವಿಚಾರಣೆ. ಉಣ್ಣೆ ಮೇಜಿನವಳಂತೂ, “ಆ ಮಿಲ್ಲಿನ ಮಾಲೀಕ ಕೈಗೆ ಸಿಗ್ಲಿ, ಹರಕು ಪ್ಯಾಂಟಿನ ಮೂಟೆಗೆ ತುರುಕಿ ಬಾಯಿ ಹೊಲಿದುಬಿಡ್ತೀನಿ,” ಎಂದು ಆಣೆ ಮಾಡಿದ್ದಳು.

ಕೊನೆಯ ಅಧ್ಯಾಯದ ಹಿಂದಿನದನ್ನು ಓದಕ್ಕ ಒಂದು ಬೆಳಿಗ್ಗೆ ಬಕೆಟ್ಟಿನ ಮೇಲೆ ಕೂತು ಓದಿದರು. ಮುದುಕ ಕೋಣೆಯಲ್ಲಿ ಸಾಯುತ್ತಾನೆ. ನಾಲ್ಕು ದಿನ ಯಾರಿಗೂ ಗೊತ್ತಾಗುವುದಿಲ್ಲ. ಬಾಯಿಪಾಠಕ್ಕೆ ನಾಲಗೆ ಏಳಲಿಲ್ಲ. ಅವತ್ತು ಶೆಡ್ಡಿನಲ್ಲಿ ಅವರು ಹೇಳಿದ್ದು ಬೇರೆಯೇ. ಕೆಳಗಿನ ಕೋಣೆಯ ಹೆಂಗಸು ಬಟ್ಟಲಿನಲ್ಲಿ ಬಿಸಿ ಸೂಪು ಹಿಡಿದು ಬಂದು ಬಾಗಿಲು ತಟ್ಟುತ್ತಾಳೆ, ಮುದುಕ ಎದ್ದು ಕೂರುತ್ತಾನೆ.

ಪಕ್ಕದ ಹಲಗೆಯಾಚೆಯಿಂದ ಗುಂಡಿಯಕ್ಕನ ದನಿ ಬಂತು. ಗುಂಡಿ ಕತ್ತರಿಸುವ ಮೇಜಿನ ಆಕೆ ಶೆಡ್ಡಿಗೇ ಹಿರಿಯಳು, ಮಾತು ಕಡಿಮೆ.

“ಇದು ಪುಸ್ತಕದಲ್ಲಿಲ್ಲ. ನೀನು ಹೇಳಿದ್ದು.”

“ಯಾಕಕ್ಕಾ ಹಂಗಂತೀಯ?”

“ಇಷ್ಟು ದಿನದಿಂದ ಕೇಳ್ತಿದೀನಿ, ಅವನ ಬಾಗಿಲು ಒಬ್ರಾದ್ರೂ ತಟ್ಟಿದ್ರಾ? ಇವತ್ತು ಎಲ್ಲಿಂದ ಬಂದ್ಲು ಇವಳು? ನೋಡು, ಸುಳ್ಳು ಹೇಳೋಕೆ ನಮಗೆ ಬೇಕಾದಷ್ಟು ಜನ ಇದಾರೆ. ನೀನೂ ಸೇರ್ಕೋಬೇಡ. ಹೇಳೋದಾದ್ರೆ ಇದ್ದದ್ದು ಹೇಳು, ಇಲ್ಲಾಂದ್ರೆ ಸುಮ್ನಿರು.”

ಹಲಗೆಗಳ ಹಿಂದೆ ಯಾರೂ ಅಲ್ಲಗಳೆಯಲಿಲ್ಲ. ಅದು ಓದಕ್ಕನಿಗೆ ಆ ಮಾತಿಗಿಂತ ಹೆಚ್ಚು ಚುಚ್ಚಿತು. ಕಾರ್ಡಿಗೂ ಹಲಗೆಗೂ ಬಗ್ಗದೆ ಉಳಿಸಿಕೊಂಡದ್ದು ಒಂದೇ ಒಂದು ಸುಳ್ಳಿಗೆ ಕೈತಪ್ಪಿ ಹೋಗುವುದರಲ್ಲಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಅವರ ಬಳಿ ಯಾರೂ ಬಂದು ಕೂರಲಿಲ್ಲ. ಗುಂಡಿಯಕ್ಕ ಒಬ್ಬಳೇ ಬಂದಳು. ಅವಳ ತಮ್ಮನೂ ಕೆಲಸ ಕಳೆದುಕೊಂಡು ಬೇರೊಂದು ಊರಿನ ಕೋಣೆಯಲ್ಲಿ ಹಾಗೆಯೇ ಹೋದದ್ದಂತೆ. ಅದಾಗಿ ಹನ್ನೊಂದು ವರ್ಷ, ಯಾರಿಗೂ ಹೇಳಿರಲಿಲ್ಲ. “ಅವನ ಕೊನೇ ದಿನ ಹೆಂಗಿತ್ತು ಅಂತ ನನಗೆ ಹೇಳೋರಿಲ್ಲ. ಈ ಮುದುಕಂದಾದ್ರೂ ಕೇಳಿಸ್ಕೋತೀನಿ, ಓದು,” ಎಂದಳು.

ಓದಕ್ಕ ಈಗ ಮುಚ್ಚಿಡುವುದಿಲ್ಲ. “ಎಲ್ರಿಗೂ ನೋವಾಗತ್ತೆ ಅಂತ ಬದಲಾಯಿಸಿದೆ ಅಂತ ಗುಂಡಿಯಕ್ಕನಿಗೆ ಅಂದೆ. ಅದೂ ಸುಳ್ಳೇ. ನಾನೂ ಒಂದು ಕೋಣೇಲಿ ಒಬ್ಳೇ ಇರೋಳು. ಗಂಡ ಹೋಗಿ ಒಂಬತ್ತು ವರ್ಷ. ಆ ಪುಟ ಓದಿದಾಗ ನನಗೇ ಭಯ ಆಯ್ತು, ಅಷ್ಟೇ.”

ಮರುದಿನ ಅವರು ಇದ್ದದ್ದನ್ನು ಇದ್ದಂತೆ ಹೇಳಿದರು. ನಾಲ್ಕು ದಿನ, ಹಾಸಿಗೆಯ ಪಕ್ಕದ ಖಾಲಿ ಡಬ್ಬಿ, ಬಾಡಿಗೆ ಕೇಳಲು ಬಂದು ಬಾಗಿಲು ಒಡೆಸಿದ ಮನೆಯೊಡೆಯ, ಎಲ್ಲವನ್ನೂ. ಮೂವತ್ತೊಂದು ಜೋಡಿ ಕೈಗಳು ನಿಂತವು. ಗುಂಡಿಯಕ್ಕ ಬಿಕ್ಕಿ ಬಿಕ್ಕಿ ಅತ್ತಳು, ಪುಣ್ಯಕ್ಕೆ ಯಾರೂ ಸಮಾಧಾನ ಹೇಳಲಿಲ್ಲ. ಮೇಲ್ವಿಚಾರಕ ಎದ್ದು ಬಂದವನು ಏನೂ ಅರ್ಥವಾಗದೆ, “ಯಾರು ಸತ್ತಿದ್ದು?” ಎಂದು ಕೇಳಿದ. “ನಮ್ಮೋನು,” ಎಂದಳು ಉಣ್ಣೆ ಮೇಜಿನವಳು. ಅವತ್ತು ಎಲ್ಲರ ಕಾರ್ಡಿನಲ್ಲೂ ತೂಕ ಕಡಿಮೆ ಬಿತ್ತು, ಎಲ್ಲರೂ ಬೈಸಿಕೊಂಡರು.

ಆ ವಾರದಿಂದ ಶೆಡ್ಡಿನಲ್ಲಿ ಹೊಸ ರೂಢಿ. ಯಾರ ಮೇಜು ಖಾಲಿ ಕಂಡರೂ ಸಂಜೆ ಇಬ್ಬರು ಹೋಗಿ ಅವರ ಬಾಗಿಲು ತಟ್ಟಬೇಕು. ಜ್ವರ ಬಂದು ಮಲಗಿದ್ದ ಓದಕ್ಕನ ಬಾಗಿಲನ್ನೂ ಮೊನ್ನೆ ತಟ್ಟಿದರು. ಬಂದ ಗುಂಡಿಯಕ್ಕ ಹಣೆ ಮುಟ್ಟಿ ನೋಡಿ, ಮಾತ್ರೆ ಕೊಟ್ಟು, ಆಮೇಲೆ ಪುಸ್ತಕ ಕೈಗೆತ್ತಿಕೊಂಡು, “ಇದರಲ್ಲಿ ‘ಬಾಗಿಲು’ ಎಲ್ಲಿದೆ ತೋರ್ಸು,” ಎಂದಳಂತೆ. ಓದಕ್ಕ ತೋರಿಸಿದರು. ಅವಳು ಬೆರಳಿಟ್ಟು ತುಂಬಾ ಹೊತ್ತು ನೋಡಿದಳು. ಅರವತ್ತೊಂದರ ಆಕೆ ಈಗ ಊಟದ ಬಿಡುವಿನಲ್ಲಿ ಅಕ್ಷರ ತಿದ್ದುತ್ತಿದ್ದಾಳೆ.

ನಿಮಗೇನು ಆಸೆ ಎಂದರೆ ಓದಕ್ಕ ಮೊದಲು ನಾಚಿಕೊಳ್ಳುತ್ತಾರೆ. ಆಮೇಲೆ ಕೈಯಲ್ಲಿದ್ದ ಷರಟನ್ನು ರಾಶಿಗೆ ಎಸೆದು ಹೇಳುತ್ತಾರೆ:

“ಹತ್ತೊಂಬತ್ತು ವರ್ಷದಿಂದ ನಾನು ಎಲ್ರಿಗೂ ಓದಿದೀನಿ. ನನಗೆ ಯಾರೂ ಓದಿಲ್ಲ. ಒಂದ್ಸಲ, ಮುಂದೇನಾಗತ್ತೆ ಅಂತ ಗೊತ್ತಿಲ್ದೆ, ಸುಮ್ನೆ ಕೂತು ಕೇಳ್ಬೇಕು ಅಂತ ಆಸೆ. ಗುಂಡಿಯಕ್ಕ ಓದೋ ಓಟದಲ್ಲಿ ಒಂದು ಪುಟಕ್ಕೆ ಒಂದು ವಾರ ಹಿಡಿಯತ್ತೆ. ಹಿಡೀಲಿ. ನಾನೆಲ್ಲಿಗೆ ಹೋಗ್ತೀನಿ?”